ಕರಡಿಗೆ ಬ್ಯಾಡಗಿ ಸಾಕಾ?

ನಮ್ಮ ಭಾವನಿಗೆ ರಸ್ತೆ ಇರುವ ಕಡೆ ಮೀನು ಹಿಡಿಯುವುದು ಇಷ್ಟವಿಲ್ಲ. ಸಿಯಾಟಲ್‌ನ ಅವರ ಮನೆಗೆ ನದಿ ದೂರವೇನಲ್ಲ. ಕಾರು ನಿಲ್ಲಿಸಿ, ಗಾಳ ಹಾಕಿ, ಊಟಕ್ಕೆ ಮನೆಗೆ ಬರಬಹುದು. ಅದು ಬೇಡವಂತೆ. ಅಲಾಸ್ಕಾದ ಕನೆಕ್ಟೋಕ್ ನದಿಯೇ ಆಗಬೇಕಂತೆ, ಅದೂ ಸಿಲ್ವರ್ ಸಾಲ್ಮನ್ ಬರುವ ಆಗಸ್ಟ್‌ನಲ್ಲೇ.

ಅಲಾಸ್ಕಾದ ದೊಡ್ಡ ಊರಾದ ಆಂಕರೇಜ್‌ನಿಂದ ಬೆತೆಲ್ ಎಂಬ ಊರಿಗೆ ಸುಮಾರು 640 ಕಿ.ಮೀ. ರಸ್ತೆ ಇಲ್ಲ, ವಿಮಾನವೇ ಗತಿ. ಅಲ್ಲಿಂದ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ ನಮ್ಮನ್ನು ಬೆಟ್ಟಗಳ ನಡುವಿನ ಸರೋವರದಲ್ಲಿ ಇಳಿಸಿ ಹೋಗುತ್ತದೆ. ಆಮೇಲೆ ರಾಫ್ಟಿಗೆ ಗಾಳಿ ತುಂಬಿ, ತೇಲುತ್ತಾ, ಮೀನು ಹಿಡಿಯುತ್ತಾ, ಬೇರಿಂಗ್ ಸಮುದ್ರದ ಹತ್ತಿರವಿರುವ ಕ್ವಿನ್ಹಗಾಕ್ ಎಂಬ ಯೂಪಿಕ್ ಜನರ ಹಳ್ಳಿ ಸೇರಬೇಕು. ನಡುವೆ ಊರಿಲ್ಲ, ಅಂಗಡಿ ಇಲ್ಲ. ಚಮಚ ಮರೆತರೆ ಕೈಯಲ್ಲೇ ಉಣ್ಣಬೇಕು. ನಮಗೆ ಅದೇನು ಶಿಕ್ಷೆಯಲ್ಲ ಬಿಡಿ.

ರಾಫ್ಟು ಸೆಕೆಂಡ್ ಹ್ಯಾಂಡ್. ಎಲ್ಲಾದರೂ ತೂತಿದೆಯಾ ನೋಡೋಣ ಅಂತ ಭಾವ ಹೊರಟ ದಿನವೇ ಮಳೆ. ಹಾಲ್‌ನಲ್ಲೇ ಗಾಳಿ ತುಂಬಿದರು. ನಾಲ್ಕು ಮೀಟರ್ ಉದ್ದದ್ದು ಅದು. ಸೋಫಾ ಅಡುಗೆಮನೆಗೆ ಹೋಯಿತು, ಟೀಪಾಯಿ ಮೆಟ್ಟಿಲೇರಿತು. ಗಾಳಿ ಇಳಿಯುತ್ತದಾ ಅಂತ ರಾತ್ರಿಯಿಡೀ ಹಾಗೇ ಬಿಡಬೇಕಂತೆ. ಕೂರಲು ಬೇರೆ ಜಾಗವಿಲ್ಲದೆ ಅಕ್ಕ ಅದರೊಳಗೇ ಕೂತು ಹುರುಳಿಕಾಯಿ ನಾರು ತೆಗೆದಳು. "ಸೋಫಾಕ್ಕಿಂತ ಇದೇ ಮೆತ್ತಗಿದೆ ಕಣೋ," ಅಂದಳು.

ಅವಳ ತಾಳ್ಮೆ ಕೆಟ್ಟಿದ್ದು ಸೊಳ್ಳೆ ಔಷಧದಿಂದ. ಅಲ್ಲಿಯ ಸೊಳ್ಳೆಗಳಿಗೆ ಡೀಟ್ ಎಂಬ ರಾಸಾಯನಿಕ ಜಾಸ್ತಿ ಇರುವ ಔಷಧವೇ ಬೇಕು. ಮೈಗೆ ಒಗ್ಗುತ್ತದಾ ಅಂತ ಭಾವ ಮೊದಲೇ ಕೈಗೆ ಹಚ್ಚಿಕೊಂಡು, ಟೀವಿ ನೋಡುತ್ತಾ ಕೂತರು. ಮೈಗೆ ಚೆನ್ನಾಗಿಯೇ ಒಗ್ಗಿತು. ಆದರೆ ಡೀಟ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಕ್ರಿಕೆಟ್ ಮುಗಿಯುವಷ್ಟರಲ್ಲಿ ರಿಮೋಟಿನ ಅಂಕಿಗಳೆಲ್ಲ ಅವರ ಹೆಬ್ಬೆರಳಿಗೆ ಬಂದಿದ್ದವು. ಈಗ ಅಕ್ಕ ಚಾನಲ್ಲನ್ನು ಅಂದಾಜಿನ ಮೇಲೆ ಹಾಕುತ್ತಾಳೆ.

ಮುಂದಿನ ಚಿಂತೆ ಕರಡಿಯದು. ಸಾಲ್ಮನ್ ಇದ್ದಲ್ಲಿ ಕಂದು ಕರಡಿ ಇದ್ದೇ ಇರುತ್ತದೆ. ಅದನ್ನು ಓಡಿಸಲು ಬೇರ್ ಸ್ಪ್ರೇ ಬೇಕು, ಆದರೆ ಪ್ರಯಾಣಿಕರ ವಿಮಾನದಲ್ಲಿ ಬಿಡುವುದಿಲ್ಲ. ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಒಲೆಯ ಗ್ಯಾಸ್ ಡಬ್ಬಿಯೂ ಹಾಗೇ. ಎರಡನ್ನೂ ಬೆತೆಲ್‌ನಲ್ಲೇ ಕೊಳ್ಳಬೇಕು.

"ಎಂತ ಮಾರಾಯ್ರೆ, ಸ್ಪ್ರೇಯೊಳಗೆ ಇರುವುದು ಮೆಣಸಿನ ಖಾರವೇ ಅಲ್ವಾ? ಮನೆಯಿಂದಲೇ ಪುಡಿ ಒಯ್ಯುವ," ಅಂದರು ನಮ್ಮ ತಂಡದ ಮೂರನೆಯವರು. ಕುಂದಾಪುರದವರು, ಮೀನಿನ ವಿಷಯದಲ್ಲಿ ಅವರದೇ ಕೊನೆಯ ಮಾತು.

ಅಕ್ಕ ಡಬ್ಬಿ ತಂದಳು. ಬ್ಯಾಡಗಿ. ಭಾವ ತಲೆಯಾಡಿಸಿದರು. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಕರಡಿ ಕೆಂಪಗಾಗುತ್ತದೆ, ಅಷ್ಟೇ. ಗುಂಟೂರು ಆದೀತೇನೋ. ಆದರೆ ಗಾಳಿ ನಮ್ಮ ಕಡೆಗೇ ಬೀಸಿದರೆ? ಅರ್ಧ ಗಂಟೆ ಚರ್ಚೆಯಾಯಿತು. ಕೊನೆಗೆ ಬ್ಯಾಡಗಿ ಮೀನಿಗೆ, ಸ್ಪ್ರೇ ಬೆತೆಲ್‌ನಲ್ಲಿ ಅಂತ ತೀರ್ಮಾನ. ಇಂಗನ್ನು ಮಾತ್ರ ಭಾವ ಮುಟ್ಟಲೂ ಬಿಡಲಿಲ್ಲ. ಆ ವಾಸನೆ ಕರಡಿಗೆ ಕೊಟ್ಟ ಲಗ್ನಪತ್ರಿಕೆ ಅಂತ ಅವರ ವಾದ.

ಅಷ್ಟರಲ್ಲಿ ಪುಟ್ಟ ವಿಮಾನದವರ ಇಮೇಲ್ ಬಂತು. ಎಲ್ಲರ ತೂಕ ಬರೆದು ಕಳಿಸಿ, ಸುಳ್ಳು ಬೇಡ. ಜನ, ರಾಫ್ಟು, ಹುಟ್ಟು, ಟೆಂಟು, ಅಕ್ಕಿ ಎಲ್ಲ ಸೇರಿ ಲೆಕ್ಕ. ಭಾವ 74 ಅಂತ ಬರೆದರು. ಅದು ಅವರ ಮದುವೆಯ ಕಾಲದ ತೂಕ. ಅಕ್ಕ ಬಚ್ಚಲಿನಿಂದ ತೂಕದ ಮಷೀನು ತಂದು ಅವರ ಮುಂದಿಟ್ಟಳು. 86. ಕುಂದಾಪುರದವರು ತಮ್ಮ ಅಂಕಿಯನ್ನು ಸುಮ್ನೆ ತಿದ್ದಿಕೊಂಡರು. ಹೆಚ್ಚಾದ ಕಿಲೋಗಳಿಗೆ ಪ್ರತಿಯಾಗಿ ಏನು ಬಿಡುವುದು? ಮಡಚುವ ಕುರ್ಚಿ ಹೋಯಿತು, ಎರಡನೆಯ ಪಾತ್ರೆ ಹೋಯಿತು, ತೆಂಗಿನ ಹಾಲಿನ ಡಬ್ಬಿ ಹೋಗಿ ಹಾಲಿನ ಪುಡಿ ಬಂತು. ಚಕ್ಕುಲಿ, ಕೋಡುಬಳೆಯ ಚೀಲಕ್ಕೆ ಯಾರೂ ಕೈ ಹಾಕಲಿಲ್ಲ. ಕಟ್ಟಿದ್ದು ಅಕ್ಕ, ಅವಳು ಅಲ್ಲೇ ನಿಂತಿದ್ದಳು.

ಬೆತೆಲ್‌ನಲ್ಲಿ ಮಂಜು. ವಿಮಾನ ಏಳಲಿಲ್ಲ. ಮರುದಿನವೂ ಇಲ್ಲ. ಮಾಡಲು ಬೇರೆ ಕೆಲಸವಿಲ್ಲದೆ ಚೀಲ ಬಿಚ್ಚಿದೆವು. ಆಕಾಶ ತಿಳಿಯಾಗುವ ಹೊತ್ತಿಗೆ ಚಕ್ಕುಲಿಯ ಚೂರೂ ಉಳಿದಿರಲಿಲ್ಲ. ಒಳ್ಳೆಯದೇ ಆಯಿತು, ತೂಕ ಇಳಿಯಿತು ಅಂತ ಭಾವ ಹಿಗ್ಗಿದರು. ಪೈಲಟ್ ಲಗೇಜು ತೂಗಿ ತಲೆಯಾಡಿಸಿದ. ಆಮೇಲೆ ನಮ್ಮನ್ನೂ ಒಬ್ಬೊಬ್ಬರಾಗಿ ಮಷೀನಿನ ಮೇಲೆ ನಿಲ್ಲಿಸಿದ.