ಸತ್ಯಾಂಶ: ಹಾರ್ಟ್ ಅಟ್ಯಾಕ್ ಆದ ಹೃದಯ ಮೂರು ತಿಂಗಳಲ್ಲಿ ಹೊಸದಾಗುತ್ತದಾ?

"ಹಾರ್ಟ್ ಅಟ್ಯಾಕ್ ಆಗಿ ಮೂರು ತಿಂಗಳಾದರೆ ಸತ್ತ ಸ್ನಾಯು ಮತ್ತೆ ಬೆಳೆಯುತ್ತೆ, ಆಮೇಲೆ ಮಾತ್ರೆ ಬೇಡ" ಅನ್ನುವ ವಾಟ್ಸಾಪ್ ಫಾರ್ವರ್ಡ್ ನಿಮಗೂ ಬಂದಿರಬಹುದು. ಗಾಯ ಮಾಯುವುದು ನಿಜ. ಸ್ನಾಯು ಹೊಸದಾಗಿ ಬೆಳೆಯುವುದು ಸುಳ್ಳು.

ಮಂಡಿಯ ಚರ್ಮ ಜೋರಾಗಿ ಕಿತ್ತುಹೋದರೆ ಕಲೆ ಉಳಿಯುತ್ತದೆ ಅಲ್ವಾ? ಇಲ್ಲೂ ಹಾಗೇ. ಹೃದಯದ ಸ್ನಾಯುಗಳ ನಡುವೆ ಫೈಬ್ರೋಬ್ಲಾಸ್ಟ್ ಎಂಬ ಕೋಶಗಳಿವೆ. ರಕ್ತ ಸಿಗದೆ ಸ್ನಾಯು ಸತ್ತಾಗ ಟಿಜಿಎಫ್-ಬೀಟಾ ಎಂಬ ಪ್ರೋಟೀನ್ ಇವಕ್ಕೆ ಸುದ್ದಿ ಮುಟ್ಟಿಸುತ್ತದೆ. ಇವು ವೇಷ ಬದಲಿಸಿ ಮಯೋಫೈಬ್ರೋಬ್ಲಾಸ್ಟ್ ಆಗಿ, ಕೊಲಾಜನ್ ನಾರು ನೇಯ್ದು ತೇಪೆ ಹಾಕುತ್ತವೆ. ತೇಪೆ ಬೀಳದಿದ್ದರೆ ಹೃದಯದ ಗೋಡೆಯೇ ಒಡೆಯಬಹುದು. ಆದರೆ ತೇಪೆ ಮಿಡಿಯುವುದಿಲ್ಲ. ಸುಮ್ನೆ ಹಿಡಿದುಕೊಂಡಿರುತ್ತದೆ, ಅಷ್ಟೇ.

ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ, ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ್ದ ಕಾರ್ಬನ್-14 (ವಿಕಿರಣ ಸೂಸುವ ಒಂದು ಬಗೆಯ ಇಂಗಾಲ) ಹಿಡಿದು ಹೃದಯಕೋಶಗಳ ವಯಸ್ಸು ಲೆಕ್ಕ ಹಾಕಿದರು. (ಎಂಥಾ ಉಪಾಯ!) 25ನೇ ವಯಸ್ಸಿನಲ್ಲಿ ಹೊಸದಾಗುವ ಸ್ನಾಯುಕೋಶ ವರ್ಷಕ್ಕೆ ಸುಮಾರು ಶೇ. 1 ಮಾತ್ರ. 75ಕ್ಕೆ ಬಂದರೆ ಅದು ಶೇ. 0.45.

ಇನ್ನು ಮಾತ್ರೆ. ಆಂಜಿಯೋಟೆನ್ಸಿನ್ ಎಂಬ ಹಾರ್ಮೋನು ಜಾಸ್ತಿಯಾದರೆ ಫೈಬ್ರೋಬ್ಲಾಸ್ಟ್‌ಗಳು ಕೆರಳಿ, ಚೆನ್ನಾಗಿರುವ ಸ್ನಾಯುವಿನೊಳಗೂ ನಾರು ತುಂಬುತ್ತವೆ. ಹೃದಯ ಬಿಗಿಯುತ್ತದೆ. ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ ಇದನ್ನು ತಗ್ಗಿಸುತ್ತದೆ. ಬಿಪಿ ಇಲ್ಲದವರಿಗೂ ಡಾಕ್ಟರು ಅದನ್ನು ಬರೆದುಕೊಡಲು ಇದೂ ಒಂದು ಕಾರಣ.