ಹಿಟ್ಲರನಿಗೆ ಬಹುಮತ ಸಿಕ್ಕಿತ್ತಾ?

"ಹಿಟ್ಲರನನ್ನು ಜರ್ಮನ್ ಜನರೇ ಬಹುಮತದಿಂದ ಗೆಲ್ಲಿಸಿದರು" ಎಂಬ ಸಾಲು ವಾಟ್ಸಾಪಿನಲ್ಲಿ ಮತ್ತೆ ಓಡಾಡುತ್ತಿದೆ. ಅರ್ಧ ನಿಜ, ಅದಕ್ಕೇ ಬೇಗ ನಂಬಿಕೆ ಬರುತ್ತೆ.

1932ರ ಜುಲೈ ಚುನಾವಣೆಯಲ್ಲಿ ನಾಜಿಗಳೇ ದೊಡ್ಡ ಪಕ್ಷ, ಸರಿ. ಆದರೆ ಸಿಕ್ಕಿದ್ದು ಶೇ. 37ರಷ್ಟು ಮತ. ನವೆಂಬರಿನಲ್ಲಿ ಅದೂ 33ಕ್ಕೆ ಇಳಿಯಿತು. ಇಳಿಯುತ್ತಿದ್ದವನನ್ನು 1933ರ ಜನವರಿ 30ರಂದು ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಮಾಡಿದ್ದು ಅಧ್ಯಕ್ಷ ಹಿಂಡೆನ್‌ಬರ್ಗ್. "ನಾವು ಹಿಡಿತದಲ್ಲಿ ಇಟ್ಕೋತೀವಿ" ಅಂದುಕೊಂಡಿದ್ದ ಮಾಜಿ ಚಾನ್ಸಲರ್ ಪಾಪೆನ್‌ನಂಥವರ ಲೆಕ್ಕಾಚಾರ ಅದರ ಹಿಂದಿತ್ತು. ಎಂಥಾ ಲೆಕ್ಕ ನೋಡಿ!

ಫೆಬ್ರವರಿ 27ರಂದು ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಸುಗ್ರೀವಾಜ್ಞೆ: ವಾಕ್ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು ಎಲ್ಲ ರದ್ದು. ಎದುರಾಳಿಗಳನ್ನು ಜೈಲಿಗೆ ತಳ್ಳಿ ಮಾರ್ಚ್ 5ರಂದು ನಡೆಸಿದ ಚುನಾವಣೆಯಲ್ಲೂ ನಾಜಿಗಳು ಶೇ. 44ನ್ನು ದಾಟಲಿಲ್ಲ!

ಆಮೇಲೆ ಮಾರ್ಚ್ 23. ಸಂಸತ್ತು ಸೇರಿದ್ದು ಬರ್ಲಿನ್ನಿನ ಕ್ರೋಲ್ ಒಪೇರಾ ಹೌಸ್‌ನಲ್ಲಿ. ಕಂದು ಅಂಗಿಯ ನಾಜಿ ಪಡೆಯವರು ಒಳಗೇ ಸಾಲಾಗಿ ನಿಂತಿದ್ದರು. ಗೆದ್ದಿದ್ದ 81 ಕಮ್ಯುನಿಸ್ಟರಲ್ಲಿ ಒಬ್ಬರಿಗೂ ಒಳಗೆ ಬರಲು ಬಿಡಲಿಲ್ಲ. ಸಂಸತ್ತನ್ನು ಕೇಳದೆಯೇ ಸರ್ಕಾರ ಕಾನೂನು ಮಾಡಬಹುದೆಂಬ ಮಸೂದೆ 444–94ರಲ್ಲಿ ಪಾಸಾಯಿತು. ಎದ್ದು ನಿಂತು ವಿರೋಧಿಸಿ ಮಾತಾಡಿದ್ದು ಸೋಶಿಯಲ್ ಡೆಮಾಕ್ರಾಟ್ ನಾಯಕ ಓಟ್ಟೊ ವೆಲ್ಸ್. ಜುಲೈ ಹೊತ್ತಿಗೆ ಬೇರೆ ಪಕ್ಷಗಳೇ ಉಳಿದಿರಲಿಲ್ಲ.