ಕರಡಿಗಿಂತ ಮೊದಲಿದ್ದ ಆನೆ

ಜರ್ಮನಿಯ ಗೊಂಬೆ ತಯಾರಿಕಾ ಸಂಸ್ಥೆ ಸ್ಟೈಫ್ ಕುರಿತ ಲೇಖನವೊಂದನ್ನು ಓದಿದೆ. ಆ ಸಂಸ್ಥೆಯನ್ನು ಕಟ್ಟಿ ನಿಲ್ಲಿಸಿದ್ದು ರಿಚರ್ಡ್ ಸ್ಟೈಫ್ 1902ರಲ್ಲಿ ರೂಪಿಸಿದ ಆಟಿಕೆ ಕರಡಿಯೇ ಎಂಬ ಅದರ ಲೇಖಕರ ವಾದವನ್ನು ನಾನು ಒಪ್ಪಲಾರೆ. 1903ರ ಲೈಪ್‌ಜಿಗ್ ಮೇಳದಲ್ಲಿ ಅಮೆರಿಕದ ಖರೀದಿದಾರರೊಬ್ಬರು 3,000 ಕರಡಿಗಳಿಗೆ ಬೇಡಿಕೆ ಸಲ್ಲಿಸಿದ್ದು ನಿಜವೇ ಆದರೂ, ಅಂಥ ಬೇಡಿಕೆಯನ್ನು ಪೂರೈಸುವ ಸಾಮರ್ಥ್ಯ ಒಂದೇ ವರ್ಷದಲ್ಲಿ ಹುಟ್ಟಿದ್ದಲ್ಲ. ಅದರ ಹಿಂದೆ ರಿಚರ್ಡ್ ಅವರ ಸೋದರತ್ತೆ ಮಾರ್ಗರೆಟೆ ಅವರ ಎರಡು ದಶಕಗಳಿಗೂ ಮೀರಿದ ದುಡಿಮೆಯಿತ್ತು. ಶೈಶವದಲ್ಲೇ ಪೋಲಿಯೊದಿಂದ ಕಾಲುಗಳ ಬಲ ಕಳೆದುಕೊಂಡು, ಬಲಗೈಯೂ ದುರ್ಬಲವಾಗಿದ್ದರಿಂದ ಹೊಲಿಗೆ ಯಂತ್ರವನ್ನೇ ತಿರುಗಿಸಿಟ್ಟುಕೊಂಡು ಎಡಗೈಯಿಂದ ಅದರ ಚಕ್ರ ತಿರುಗಿಸುತ್ತಿದ್ದ ಈ ಮಹಿಳೆ, 1877ರಲ್ಲಿ ಗೀಂಗನ್ ಪಟ್ಟಣದಲ್ಲಿ ಉಣ್ಣೆಯ ಫೆಲ್ಟ್ ಬಟ್ಟೆಯ ಉಡುಪುಗಳ ವ್ಯವಹಾರ ಆರಂಭಿಸಿದರು. ಸೂಜಿ ಚುಚ್ಚಿಡಲೆಂದು ಅವರು ಹೊಲಿದ ಪುಟ್ಟ ಆನೆಯನ್ನು ಮಕ್ಕಳು ಆಟಿಕೆಯಾಗಿಸಿಕೊಂಡಾಗ, ಆ ಸಾಧ್ಯತೆಯನ್ನು ಗುರುತಿಸಿ ಉದ್ಯಮವಾಗಿ ಬೆಳೆಸಿದ ವಿವೇಕವೂ ಅವರದೇ. ಅನುಕರಣೆಗಳಿಂದ ತಮ್ಮ ಗೊಂಬೆಗಳನ್ನು ಪ್ರತ್ಯೇಕಿಸಲು ಕಿವಿಗೆ ಲೋಹದ ಗುಂಡಿ ಹಾಕುವ ಉಪಾಯವನ್ನು 1904ರಲ್ಲಿ ತಂದವರು ಇನ್ನೊಬ್ಬ ಸೋದರಳಿಯ ಫ್ರಾಂಜ್. ಅದಕ್ಕೆ ಲೇಖನದಲ್ಲಿ ಒಂದೇ ವಾಕ್ಯ ಮೀಸಲಾಗಿರುವುದೂ ಸರಿಯೆನಿಸಲಿಲ್ಲ. ಹೊಸ ವಿನ್ಯಾಸದಷ್ಟೇ ಅದನ್ನು ಕಾಪಾಡುವ ಗುರುತೂ ಈ ಕುಟುಂಬದ ಉದ್ಯಮವನ್ನು ಉಳಿಸಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.